ಒಂದು ಧ್ವನಿಮುದ್ರಣ, ಎರಡು ಬಿಡುಗಡೆ: ‘ಯೆಸ್ಟರ್‌ಡೇ’ ಗೀತೆಯನ್ನು ಕುರಿತು

ಪಾಶ್ಚಾತ್ಯ ಜನಪ್ರಿಯ ಸಂಗೀತದ ಚರಿತ್ರೆಯನ್ನು ಅಭ್ಯಾಸಮಾಡುವವನು ಒಂದು ಗೀತೆಯ ಮೂರು ದಿನಾಂಕಗಳನ್ನು ಬೇರೆ ಬೇರೆಯಾಗಿ ಗುರುತಿಸಬೇಕಾಗುತ್ತದೆ: ಅದು ರಚಿತವಾದುದು, ಧ್ವನಿಮುದ್ರಿತವಾದುದು, ತಟ್ಟೆಯಾಗಿ ಅಂಗಡಿಗೆ ಬಂದುದು. ಕೊನೆಯದನ್ನು ಕೇವಲ ವ್ಯಾಪಾರದ ಸಂಗತಿಯೆಂದು ಬದಿಗಿರಿಸುವವರುಂಟು. ಆದರೆ ಬೀಟಲ್ಸ್ ತಂಡದ ‘ಯೆಸ್ಟರ್‌ಡೇ’ ಎಂಬ ಗೀತೆಯ ವಿಷಯದಲ್ಲಿ ಆ ಕೊನೆಯ ಸಂಗತಿಯೇ ಕರ್ತೃತ್ವದ ಪ್ರಶ್ನೆಯನ್ನು ನಮ್ಮ ಮುಂದೆ ತಂದು ನಿಲ್ಲಿಸುತ್ತದೆ. ಒಂದೇ ಧ್ವನಿಮುದ್ರಣವು ಅಮೆರಿಕದಲ್ಲಿ 1965ರಲ್ಲಿಯೇ ಬಿಡಿಮುದ್ರಿಕೆಯಾಗಿ ಪ್ರಕಟವಾಯಿತು. ಅದು ಹುಟ್ಟಿದ ಇಂಗ್ಲೆಂಡಿನಲ್ಲಾದರೋ ಬಿಡಿಯಾಗಿ ಹೊರಬರಲು 1976ನೆಯ ವರ್ಷದವರೆಗೆ ಕಾಯಬೇಕಾಯಿತು. ಈ ಅಂತರಕ್ಕೆ ಕಾರಣವೇನೆಂಬುದನ್ನು ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಮೊದಲು ಎರಡು ಪರಿಭಾಷೆಗಳ ಮಾತು. ಇಲ್ಲಿ ಬಿಡಿಮುದ್ರಿಕೆಯೆಂದು ಕರೆದಿರುವುದು ‘ಸಿಂಗಲ್’ ಎಂಬ ಏಳು ಅಂಗುಲದ ತಟ್ಟೆಯನ್ನು. ನಿಮಿಷಕ್ಕೆ 45 ಸುತ್ತು ತಿರುಗುವ ಈ ತಟ್ಟೆ 1949ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂದಿತು. ಪಕ್ಕಕ್ಕೊಂದು ಹಾಡು ಇದರ ರೂಢಿ. ಇನ್ನು ‘ಬ್ಯಾಲಡ್’. ಈ ಶಬ್ದಕ್ಕೆ ಲಾವಣಿಯೆಂದೂ ಕಥನಗೀತವೆಂದೂ ನಾವು ಅರ್ಥ ಹೇಳುತ್ತ ಬಂದಿದ್ದೇವೆ. ಧ್ವನಿಮುದ್ರಿಕೆಯ ವ್ಯಾಪಾರಿಗಳ ಬಾಯಲ್ಲಿ ಅದಕ್ಕೆ ಕಥೆಯ ಸಂಬಂಧವೇ ಇಲ್ಲ. ವಿಲಂಬಗತಿಯಲ್ಲಿ ಹಾಡುವ ಪ್ರೇಮ ಅಥವಾ ವಿರಹದ ಗೀತೆ ಎಂದಷ್ಟೇ ಅದರ ಅರ್ಥ. ನಮ್ಮ ಭಾವಗೀತೆಗೆ ಅದು ಹೆಚ್ಚು ಸಮೀಪವೆನ್ನಬಹುದು.

ಈ ಗೀತೆಯ ಧಾಟಿ ಪಾಲ್ ಮೆಕಾರ್ಟ್ನಿಯವರಿಗೆ ಲಂಡನ್ನಿನ ವಿಂಪೋಲ್ ಬೀದಿಯ ಮನೆಯೊಂದರಲ್ಲಿ ನಿದ್ರೆಯಿಂದ ಏಳುವಾಗ ಹೊಳೆದುದೆಂಬ ವೃತ್ತಾಂತವು ಪ್ರಸಿದ್ಧವಾಗಿದೆ. ಅದಕ್ಕಿಂತ ಗಮನಾರ್ಹವಾದುದು ಅವರ ಅನಂತರದ ವರ್ತನೆ. ಇಷ್ಟು ಪೂರ್ಣವಾಗಿ ಬಂದ ಧಾಟಿ ತನ್ನದಾಗಿರಲಾರದು, ಎಲ್ಲಿಯೋ ಕೇಳಿದ್ದು ನೆನಪಿನಲ್ಲಿ ಉಳಿದಿರಬೇಕೆಂದು ಶಂಕಿಸಿ ಅವರು ಪರಿಚಿತರನ್ನೆಲ್ಲ ವಿಚಾರಿಸಿದರು. ಯಾರೂ ಅದನ್ನು ಗುರುತಿಸದಿದ್ದ ಮೇಲೆಯೇ ಅದನ್ನು ತನ್ನದೆಂದು ಒಪ್ಪಿಕೊಂಡರು. ಬಹುಕಾಲ ಆ ಧಾಟಿಗೆ ನಿಜವಾದ ಸಾಹಿತ್ಯವಿರಲಿಲ್ಲ. ಕಲಕಿ ಹುರಿದ ಮೊಟ್ಟೆಯೆಂಬ ಅರ್ಥದ ಹುಡುಗಾಟದ ಹೆಸರೊಂದು ಅದರ ಸ್ಥಾನವನ್ನು ಕಾಯ್ದುಕೊಂಡಿತ್ತು. 1965ರ ಮೇ ತಿಂಗಳಿನಲ್ಲಿ ಪೋರ್ಚುಗಲ್ಲಿಗೆ ಹೋದಾಗ ಸಾಹಿತ್ಯವು ಸಿದ್ಧವಾಯಿತು.

ಧ್ವನಿಮುದ್ರಣ ನಡೆದುದು ಅದೇ ವರ್ಷದ ಜೂನ್ 14ರಂದು, ಲಂಡನ್ನಿನ ಅಬೆ ರೋಡಿನ ಇ.ಎಂ.ಐ. ಸ್ಟುಡಿಯೋದಲ್ಲಿ. ಆ ದಿನ ಮೆಕಾರ್ಟ್ನಿಯವರೊಬ್ಬರೇ ಗಿಟಾರ್ ಹಿಡಿದು ಎರಡು ಸಲ ಹಾಡಿದರು. ತಂತಿಗಳ ಶ್ರುತಿಯನ್ನು ಒಂದು ಪೂರ್ಣಸ್ವರದಷ್ಟು ಇಳಿಸಿದ್ದುದರಿಂದ ಬೆರಳುಗಳು ಜಿ ಸ್ಥಾಯಿಯ ವಿನ್ಯಾಸದಲ್ಲಿ ಚಲಿಸಿದರೂ ಕಿವಿಗೆ ಕೇಳುವುದು ಎಫ್ ಸ್ಥಾಯಿ. ಮೊದಲನೆಯ ಸಲದ ಹಾಡಿಕೆ 1996ರಲ್ಲಿ ‘ಆಂಥಾಲಜಿ’ಯ ಎರಡನೆಯ ಸಂಪುಟದಲ್ಲಿ ಪ್ರಕಟವಾಗಿದೆ. ಅದರಲ್ಲಿ ಸಾಹಿತ್ಯದ ಎರಡು ಸಾಲುಗಳು ಅದಲುಬದಲಾಗಿರುವುದನ್ನು ಕೇಳಬಹುದು. ಓಲೆಗರಿಗಳ ಪಾಠಾಂತರಗಳಲ್ಲಿ ಪಳಗಿದವರಿಗೆ ಇದು ಪರಿಚಿತವಾದ ಬಗೆಯ ಸ್ಖಾಲಿತ್ಯ. ಎರಡನೆಯ ಸಲದ್ದೇ ಸ್ವೀಕೃತಪಾಠವಾಯಿತು. ರಚನೆಯಲ್ಲಿಯೂ ಒಂದು ವಿಶೇಷವುಂಟು. ಈ ಜಾತಿಯ ಗೀತೆಗಳಲ್ಲಿ ನುಡಿಯೊಂದಕ್ಕೆ ಎಂಟು ತಾಳಖಂಡಗಳಿರುವುದು ಸಾಮಾನ್ಯ. ಇಲ್ಲಿ ಏಳೇ ಇವೆ. ಕೇಳುವವನಿಗೆ ಕೊರತೆಯೆಂದು ತೋರದು. ಏನೋ ಬೇಗ ಮುಗಿದುಹೋಯಿತೆಂಬ ಭಾವ ಮಾತ್ರ ಉಳಿಯುತ್ತದೆ.

ಮೂರು ದಿನಗಳ ಅನಂತರ, ಜೂನ್ 17ರಂದು, ಎರಡು ಪಿಟೀಲು, ಒಂದು ವಯೋಲ, ಒಂದು ಚೆಲ್ಲೊ ಕೂಡಿದ ತಂತಿವಾದ್ಯ ಚತುಷ್ಟಯವನ್ನು ಅದರ ಮೇಲೆ ಸೇರಿಸಲಾಯಿತು. ವಾದಕರು ಟೋನಿ ಗಿಲ್ಬರ್ಟ್, ಸಿಡ್ನಿ ಸ್ಯಾಕ್ಸ್, ಕೆನೆತ್ ಎಸೆಕ್ಸ್, ಫ್ರಾನ್ಸಿಸ್ಕೊ ಗಬಾರೊ. ಸ್ವರಪ್ರಸ್ತಾರವನ್ನು ಬರೆದವರು ತಂಡದ ಧ್ವನಿಮುದ್ರಣ ನಿರ್ದೇಶಕರಾದ ಜಾರ್ಜ್ ಮಾರ್ಟಿನ್. ತಂತಿವಾದ್ಯವೆಂದೊಡನೆ ಮೆಕಾರ್ಟ್ನಿ ಮೊದಲು ಹಿಂಜರಿದರು; ಹಾಡು ಅತಿಯಾಗಿ ಸಿಹಿಯಾದೀತೆಂಬ ಅವರ ಭಯ ನಿರಾಧಾರವಾಗಿರಲಿಲ್ಲ. ಒಪ್ಪಿದ ಮೇಲೆ ಅವರು ಮುಂದಿಟ್ಟ ನಿಬಂಧನೆಯೆಂದರೆ ವೈಬ್ರೆಟೊ ಕೂಡದೆಂಬುದು. ಹೆಸರಿನ ಸಾಮ್ಯದಿಂದ ಇದನ್ನು ನಮ್ಮ ಕಂಪಿತವೆಂದು ಭಾವಿಸಬಾರದು. ನಮ್ಮಲ್ಲಿ ಕಂಪಿತವನ್ನು ತೆಗೆದರೆ ಎಷ್ಟೋ ರಾಗಗಳು ರಾಗಗಳಾಗಿಯೇ ಉಳಿಯವು. ಅಲ್ಲಿಯದು ಸ್ವರಕ್ಕೆ ಕೊಡುವ ಮೆರುಗು, ಬೇಡವಾದರೆ ಬಿಡಬಹುದಾದದ್ದು. ಆದರೂ ಜೀವಮಾನದ ಅಭ್ಯಾಸವನ್ನು ಒಂದು ಮಧ್ಯಾಹ್ನದಲ್ಲಿ ತೊರೆಯುವುದು ಸುಲಭವಲ್ಲ. ವಾದಕರು ಅದನ್ನು ಬಹಳ ಮಿತಗೊಳಿಸಿದರು. ಅದರಿಂದ ದೊರೆತ ಶುಷ್ಕವಾದ, ಸ್ವಲ್ಪ ಹಳೆಯ ಕಾಲದ ನಾದವೇ ಗೀತೆಯನ್ನು ಕಾಪಾಡಿತೆಂದು ನನ್ನ ಅಭಿಪ್ರಾಯ. ಚೆಲ್ಲೊ ಒಂದೆಡೆ ಇಳಿಸುವ ಕೋಮಲ ಸಪ್ತಮ ಸ್ವರವೂ ಕೊನೆಯ ನುಡಿಯಲ್ಲಿ ಪಿಟೀಲು ಎಳೆದು ನಿಲ್ಲಿಸುವ ಉಚ್ಚಸ್ವರವೂ ಮೆಕಾರ್ಟ್ನಿಯವರ ಸಲಹೆಗಳು. ಉಳಿದುದು ಮಾರ್ಟಿನ್ನರದು.

ಹೀಗೆ ಎರಡು ನಿಮಿಷವನ್ನು ಅಷ್ಟಾಗಿ ಮೀರದ ಒಂದು ಕೃತಿ ಸಿದ್ಧವಾಯಿತು. ಅದರಲ್ಲಿ ಜಾನ್ ಲೆನನ್ನರ ದನಿಯಿಲ್ಲ, ಜಾರ್ಜ್ ಹ್ಯಾರಿಸನ್ನರ ವಾದನವಿಲ್ಲ, ರಿಂಗೋ ಸ್ಟಾರರ ತಾಳವಿಲ್ಲ. ಹಾಗಿದ್ದ ಮೇಲೆ ಇದು ಯಾರ ಹಾಡು? ಇದನ್ನು ಪಾಲ್ ಮೆಕಾರ್ಟ್ನಿಯ ಹೆಸರಿನಲ್ಲಿಯೇ ಹೊರತರಬಹುದಲ್ಲವೆ ಎಂದು ತಾವು ತಂಡದ ವ್ಯವಸ್ಥಾಪಕರಾದ ಬ್ರಯನ್ ಎಪ್‌ಸ್ಟೀನ್ ಅವರನ್ನು ಕೇಳಿದುದಾಗಿಯೂ, ಏನಾದರೂ ಸರಿ, ತಂಡವನ್ನು ಒಡೆಯುವುದಿಲ್ಲವೆಂದು ಅವರು ನಿರಾಕರಿಸಿದುದಾಗಿಯೂ ಮಾರ್ಟಿನ್ ಮುಂದೆ ಸ್ಮರಿಸಿಕೊಂಡಿದ್ದಾರೆ. ಇಂಗ್ಲೆಂಡಿನಲ್ಲಿ ಬಿಡಿಮುದ್ರಿಕೆಯೆಂದರೆ ತಂಡವು ತನ್ನನ್ನು ತಾನು ಜನರಿಗೆ ಪರಿಚಯಿಸಿಕೊಳ್ಳುವ ಘೋಷಣೆ. ರಾಕ್ ಅಂಡ್ ರೋಲ್ ತಂಡವೆಂದು ಹೆಸರಾದವರು ಪಿಟೀಲಿನ ವಿರಹಗೀತೆಯಿಂದ ಘೋಷಣೆ ಮಾಡಲು ಸಂಕೋಚಪಟ್ಟರು. ಆದುದರಿಂದ 1965ರ ಆಗಸ್ಟ್ 6ರಂದು ಹೊರಬಂದ ‘ಹೆಲ್ಪ್!’ ಎಂಬ ದೀರ್ಘಮುದ್ರಿಕೆಯ ಎರಡನೆಯ ಪಕ್ಕದಲ್ಲಿ, ಕೊನೆಯ ಹಾಡಿಗೆ ಹಿಂದಿನದಾಗಿ, ಅದನ್ನು ಸೇರಿಸಿದರು. ಅದೇ ಜೂನ್ 14ರಂದು ಮೆಕಾರ್ಟ್ನಿಯವರೇ ಅಬ್ಬರಿಸಿ ಹಾಡಿದ ‘ಐಯಾಮ್ ಡೌನ್’ ಮಾತ್ರ ಜುಲೈಯಲ್ಲಿಯೇ ಬಿಡಿಮುದ್ರಿಕೆಯ ಹಿಂಬದಿಯಲ್ಲಿ ಹೊರಬಂದಿತ್ತು. ಒಂದೇ ದಿನದ ಎರಡು ಹಾಡುಗಳ ಈ ಗತಿಭೇದವನ್ನು ಗಮನಿಸಿದರೆ ತಂಡವು ಯಾವುದನ್ನು ತನ್ನ ಮುಖವೆಂದು ಬಗೆದಿತ್ತೆಂಬುದು ವಿದಿತವಾಗುತ್ತದೆ. ಖಾಲಿ ಉಳಿದ ಜಾಗವನ್ನು ಬೇರೆಯವರು ತುಂಬಿದರು: ಮ್ಯಾಟ್ ಮನ್ರೊ ಎಂಬ ಗಾಯಕರ ಹಾಡಿಕೆ ಆ ವರ್ಷವೇ ಬ್ರಿಟನ್ನಿನ ಮಾರಾಟಪಟ್ಟಿಯಲ್ಲಿ ಎಂಟನೆಯ ಸ್ಥಾನಕ್ಕೇರಿತು.

ಅಮೆರಿಕದಲ್ಲಿ ಈ ಸಂಕೋಚಕ್ಕೆ ಅವಕಾಶವಿರಲಿಲ್ಲ. ಅಲ್ಲಿ ತೀರ್ಮಾನ ಕ್ಯಾಪಿಟಲ್ ಸಂಸ್ಥೆಯದು. ಆ ಸಂಸ್ಥೆ ತನ್ನ ‘ಹೆಲ್ಪ್!’ ದೀರ್ಘಮುದ್ರಿಕೆಯಲ್ಲಿ ಚಲಚ್ಚಿತ್ರದ ಏಳು ಹಾಡುಗಳನ್ನೂ ಹಿನ್ನೆಲೆ ವಾದ್ಯಸಂಗೀತವನ್ನೂ ಮಾತ್ರ ಸೇರಿಸಿದ್ದುದರಿಂದ ‘ಯೆಸ್ಟರ್‌ಡೇ’ ಅವರ ಕೈಯಲ್ಲಿ ಉಳಿದುಬಿಟ್ಟಿತ್ತು. ಸೆಪ್ಟೆಂಬರ್ 12ರಂದು ಎಡ್ ಸಲಿವನ್ನರ ದೂರದರ್ಶನ ಕಾರ್ಯಕ್ರಮದಲ್ಲಿ ಮೆಕಾರ್ಟ್ನಿ ಅದನ್ನು ಹಾಡಿದುದು ಪ್ರಸಾರವಾಯಿತು. ಮರುದಿನವೇ ಬಿಡಿಮುದ್ರಿಕೆ ಅಂಗಡಿಗೆ ಬಂದಿತು. ಇನ್ನೊಂದು ಪಕ್ಕದಲ್ಲಿ ರಿಂಗೋ ಸ್ಟಾರ್ ಹಾಡಿದ ‘ಆ್ಯಕ್ಟ್ ನ್ಯಾಚುರಲಿ’. ಅಕ್ಟೋಬರಿನಿಂದ ನಾಲ್ಕು ವಾರ ಅದು ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಒಂದು ಸಂಸ್ಥೆಗೆ ಮಿಕ್ಕುಳಿದ ಸರಕು ಇನ್ನೊಂದು ಖಂಡದಲ್ಲಿ ತಂಡದ ಕೀರ್ತಿಯ ಸ್ವರೂಪವನ್ನೇ ಬದಲಿಸಿತು.

ಇಂಗ್ಲೆಂಡಿನಲ್ಲಿ ಬಿಡಿಮುದ್ರಿಕೆ ಬಂದುದು 1976ರ ಮಾರ್ಚಿನಲ್ಲಿ. ಆ ವೇಳೆಗೆ ತಂಡ ಚೆದುರಿ ವರ್ಷಗಳಾಗಿದ್ದುವು, ಇ.ಎಂ.ಐ. ಜೊತೆಗಿನ ಕರಾರೂ ಮುಗಿದಿತ್ತು. ಕಾಪಾಡಬೇಕಾದ ಮುಖವೇ ಇರಲಿಲ್ಲ. ಅದೂ ಎಂಟನೆಯ ಸ್ಥಾನವನ್ನೇ ಮುಟ್ಟಿತು.

ನಮ್ಮ ವಚನಗಳ ಅಂಕಿತದಂತೆ ಈ ತಂಡಕ್ಕೂ ಒಂದು ಅಂಕಿತವುಂಟು: ಲೆನನ್–ಮೆಕಾರ್ಟ್ನಿ. ಇಬ್ಬರಲ್ಲಿ ಯಾರು ಬರೆದರೂ ಇಬ್ಬರ ಹೆಸರೂ ಇರತಕ್ಕದ್ದೆಂಬುದು ಅವರ ಒಪ್ಪಂದ. ತಮ್ಮ ಪಾಲು ಏನೂ ಇಲ್ಲದ ಈ ಗೀತೆಗಾಗಿ ಜನ ತಮ್ಮನ್ನು ಹೊಗಳುತ್ತಾರೆಂದು ಲೆನನ್ನರೇ ಹೇಳಿಕೊಂಡದ್ದುಂಟು. ‘ಆಂಥಾಲಜಿ’ಯ ಕಾಲದಲ್ಲಿ, ಈ ಒಂದು ಗೀತೆಗಾದರೂ ತಮ್ಮ ಹೆಸರನ್ನು ಮೊದಲಿಡಬೇಕೆಂದು ಮೆಕಾರ್ಟ್ನಿ ಕೇಳಿದರು, ಲೆನನ್ನರ ಪತ್ನಿ ಯೋಕೊ ಓನೊ ಸಮ್ಮತಿಸಲಿಲ್ಲ. 2002ರಲ್ಲಿ ತಮ್ಮ ಸ್ವಂತ ಕಚೇರಿಗಳ ಮುದ್ರಿಕೆಯಲ್ಲಿ ಅವರು ಆ ಕ್ರಮವನ್ನು ತಾವೇ ತಿರುವುಮುರುವು ಮಾಡಿಕೊಂಡರು. ಚತುಷ್ಟಯವನ್ನು ಬರೆದ ಮಾರ್ಟಿನ್ 1965ರ ಆ ಜೂನಿನಲ್ಲಿ ಇ.ಎಂ.ಐ. ಸಂಸ್ಥೆಯ ಸಂಬಳದ ನೌಕರರು. ರಚನಕಾರರ ಅಂಕಿತದಲ್ಲಿ ಅವರಿಗೆ ಯಾವ ಕ್ರಮದಲ್ಲಿಯೂ ಎಡೆಯಿರಲಿಲ್ಲ.