ಪಂಚಾಯತ್ ಚುನಾವಣೆ: ಪಕ್ಷ ಬದಲಾದರೆ ನಮ್ಮ ವಾರ್ಡ್ ಬದಲಾಗುತ್ತದಾ?

ಜುಮಾ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುವಾಗ ನಮಗೆ ಸಲಾಂ ಹೇಳುವವರು ಈಗ ಜಾಸ್ತಿಯಾಗಿದ್ದಾರೆ. ಐದು ವರ್ಷ ಮುಖ ತಿರುಗಿಸಿ ಹೋದವರೂ ಕೈ ಹಿಡಿದು ‘ಉಮ್ಮ ಹೇಗಿದ್ದಾರೆ?’ ಎಂದು ವಿಚಾರಿಸುತ್ತಾರೆ. 2020ರ ಡಿಸೆಂಬರ್‌ನಲ್ಲಿ ಗ್ರಾಮ ಪಂಚಾಯತ್‌ಗೆ ಗೆದ್ದವರ ಅವಧಿ ಮುಗಿದಿದೆ. ಮುಂದಿನ ಚುನಾವಣೆಯ ಮಾತು ಶುರುವಾಗಿದೆ.

ಮಾತಿನ ಜೊತೆಗೆ ಓಡಾಟವೂ ಇದೆ. ಕಳೆದ ಸಲ ಕಾಂಗ್ರೆಸ್ ಬೆಂಬಲದಲ್ಲಿ ನಿಂತವರು ಎಸ್‌ಡಿಪಿಐ ಕಡೆ, ಅಲ್ಲಿದ್ದವರು ಮತ್ತೆ ಕಾಂಗ್ರೆಸ್ ಕಡೆ, ಎರಡೂ ಕಡೆ ಸಿಗದವರು ‘ನಾನು ಊರಿನವ, ನನಗೆ ಪಕ್ಷ ಇಲ್ಲ ಮಾರಾಯ್ರೇ’ ಅನ್ನುತ್ತಾರೆ. ಒಂದೇ ಮನೆಯಲ್ಲಿ ಅಣ್ಣ ಒಂದು ಕಡೆ, ತಮ್ಮ ಇನ್ನೊಂದು ಕಡೆ. ದುಬೈಯಿಂದ ಮೂರನೆಯವನ ವಾಯ್ಸ್ ಮೆಸೇಜ್ ಬರುತ್ತದೆ: ‘ಮನೆಯ ಓಟೆಲ್ಲ ಇಂಥವರಿಗೇ ಹಾಕಬೇಕು.’

ಆದರೆ ಕಾನೂನಿನ ಪ್ರಕಾರ ಗ್ರಾಮ ಪಂಚಾಯತ್ ಚುನಾವಣೆಯಲ್ಲಿ ಪಕ್ಷವೇ ಇಲ್ಲ. ಪಕ್ಷದ ಚಿಹ್ನೆಯಲ್ಲಿ ಯಾರೂ ನಿಲ್ಲುವಂತಿಲ್ಲ, ಆಯೋಗ ಕೊಟ್ಟ ಚಿಹ್ನೆಯಲ್ಲೇ ನಿಲ್ಲಬೇಕು. ನಗರ ಪಾಲಿಕೆ, ಪುರಸಭೆಯಲ್ಲಿ ಪಕ್ಷದಿಂದ ಗೆದ್ದು ಮತ್ತೊಂದು ಪಕ್ಷಕ್ಕೆ ಹಾರಿದರೆ 1987ರ ಪಕ್ಷಾಂತರ ನಿಷೇಧ ಕಾಯ್ದೆ ಇದೆ. ಗ್ರಾಮ ಪಂಚಾಯತ್ ಸದಸ್ಯನಿಗೆ ಆ ಭಯ ಇಲ್ಲ. ಗೆದ್ದ ಮರುದಿನವೇ ಬದಲಾದರೂ ಸದಸ್ಯತನ ಹೋಗುವುದಿಲ್ಲ.

ಅದರ ಪರಿಣಾಮ ಅಧ್ಯಕ್ಷರ ಆಯ್ಕೆಯ ದಿನ ಕಾಣುತ್ತದೆ. ಅಧ್ಯಕ್ಷರನ್ನು ನಾವಲ್ಲ, ಸದಸ್ಯರು ಆರಿಸುವುದು. ಕಳೆದ ಅವಧಿಯಲ್ಲಿ ಎರಡೂವರೆ ವರ್ಷಕ್ಕೊಮ್ಮೆ ಆಯ್ಕೆ ಆಯಿತು. 2023ರ ಆಗಸ್ಟ್‌ನಲ್ಲಿ ಕೇರಳ ಗಡಿಯ ತಲಪಾಡಿಯಲ್ಲಿ ಆದದ್ದು ನೆನಪಿರಬಹುದು. ಬಿಜೆಪಿ ಬೆಂಬಲಿತರೇ ಹೆಚ್ಚಿದ್ದ ಪಂಚಾಯತ್‌ನಲ್ಲಿ ಅಡ್ಡ ಮತದಾನವಾಗಿ ಓಟು ಸಮವಾಯಿತು. ಚೀಟಿ ಎತ್ತಿದಾಗ ಅಧ್ಯಕ್ಷ ಸ್ಥಾನ ಎಸ್‌ಡಿಪಿಐ ಬೆಂಬಲಿತರಿಗೆ ಹೋಯಿತು. ವೇದಿಕೆಯಲ್ಲಿ ಬದ್ಧ ವೈರಿಗಳು ಅನ್ನಿಸಿಕೊಂಡವರ ನಡುವೆ ಪಂಚಾಯತ್ ಕಟ್ಟಡದೊಳಗೆ ಎಂತೆಂತ ಲೆಕ್ಕ ಇರುತ್ತದೆ ನೋಡಿ! ಹೊರಗೆ ಮಾತ್ರ ನಾವು ಅವರಿಗಾಗಿ ನೆರೆಮನೆಯವರ ಜೊತೆ ಮಾತು ಬಿಟ್ಟಿರುತ್ತೇವೆ.

ಒಬ್ಬ ಹಿರಿಯ ಕಾಕ ನಮ್ಮಲ್ಲಿ ಹೇಳಿದ್ದು ಇಷ್ಟೇ: ‘ಅವರು ಪಕ್ಷ ಬದಲಾಯಿಸಲಿ, ನಮ್ಮ ಓಣಿಯ ಚರಂಡಿ ಸ್ಲ್ಯಾಬ್ ಯಾವಾಗ ಬದಲಾಯಿಸ್ತಾರೆ?’ ಪಕ್ಷ ಬಿಡುವುದೇ ತಪ್ಪು ಎಂದು ನಾವು ಹೇಳುವುದಿಲ್ಲ. ಕೆಲಸ ಮಾಡಲು ಬಿಡದ ಕಡೆ ಯಾರೂ ಕೂರಬೇಕಾಗಿಲ್ಲ. ಆದರೆ ಯಾಕೆ ಬಿಟ್ಟಿರಿ ಎಂದು ಕೇಳಿದರೆ ಉತ್ತರದಲ್ಲಿ ವಾರ್ಡಿನ ನೀರು, ಕಸ, ದಾರಿದೀಪ ಬರಬೇಕು. ‘ನನಗೆ ಮರ್ಯಾದೆ ಕೊಡಲಿಲ್ಲ’ ಎಂಬುದು ಮಾತ್ರ ಬಂದರೆ, ಆ ಬದಲಾವಣೆ ಅವರದ್ದು, ನಮ್ಮದಲ್ಲ.

ಸ್ಥಾನಗಳಲ್ಲಿ ಅರ್ಧ ಮಹಿಳೆಯರಿಗೆ ಮೀಸಲು. ನಮ್ಮ ಹೆಣ್ಣುಮಕ್ಕಳು ಗೆಲ್ಲುತ್ತಾರೆ, ಆದರೆ ‘ಅಧ್ಯಕ್ಷೆಯ ಗಂಡ’ ಸಭೆಯ ಹೊರಗೆ ನಿಂತು ಯಾವ ಕಡೆ ಕೈ ಎತ್ತಬೇಕೆಂದು ಹೇಳುವುದೂ ಇದೆ. ಓಟು ಕೇಳಲು ಗಂಡ ಬಂದರೆ ಅಭ್ಯರ್ಥಿಯನ್ನೇ ಮನೆಗೆ ಕರೆಯಿರಿ. ಮನೆಯ ಹೆಂಗಸರ ಎದುರು ಅವರೇ ಮಾತಾಡಲಿ.

ಸುಮಾರು 400 ಜನಸಂಖ್ಯೆಗೆ ಒಬ್ಬ ಸದಸ್ಯ. ಅದರಲ್ಲಿ ಮಕ್ಕಳನ್ನು ಬಿಟ್ಟರೆ, ಗಲ್ಫಿನಲ್ಲಿ ಇರುವವರನ್ನು ಬಿಟ್ಟರೆ ಉಳಿಯುವ ಓಟು ಎಷ್ಟು? ಹತ್ತಿಪ್ಪತ್ತು ಓಟಿನಲ್ಲಿ ಸೋಲು ಗೆಲುವು ಆಗುವ ಜಾಗ ಇದು. ನಮ್ಮ ಪ್ರಶ್ನೆಗೆ ಇಷ್ಟು ಬೆಲೆ ಇರುವ ಚುನಾವಣೆ ಬೇರೆ ಇಲ್ಲ.

ಆರು ತಿಂಗಳಿಗೊಮ್ಮೆಯಾದರೂ ಗ್ರಾಮಸಭೆ ನಡೆಯಬೇಕೆಂದು ಕಾನೂನು ಹೇಳುತ್ತದೆ. ಈ ಸಲ ಸಲಾಂ ಹೇಳಲು ಬಂದವರನ್ನು ‘ಯಾವ ಪಕ್ಷ?’ ಎಂದು ಕೇಳುವ ಮೊದಲು ‘ಕಳೆದ ಗ್ರಾಮಸಭೆಯಲ್ಲಿ ನಮ್ಮ ವಾರ್ಡಿನ ಬಗ್ಗೆ ಎಂತ ಮಾತಾಡಿದ್ರಿ?’ ಎಂದು ಕೇಳೋಣ. ಅವರು ತಿರುಗಿ ‘ನೀವು ಬಂದಿದ್ರಾ?’ ಎಂದು ಕೇಳಿಯಾರು. ಅದಕ್ಕೂ ನಮ್ಮಲ್ಲಿ ಉತ್ತರ ಇರಬೇಕು.