ಗಾಲಿ ದೊಡ್ಡದಾದಾಗ ವೇಗಮಾಪಕವನ್ನು ತಿದ್ದುವ ಬಗೆ

ಮಲೆನಾಡಿನ ಕೆಸರು ದಾರಿಗಳಲ್ಲಿ ಓಡಾಡುವ ಒಂದು ಜೀಪನ್ನು ಕಲ್ಪಿಸಿಕೊಳ್ಳಿರಿ. ಅದರ ತಳವು ನೆಲಕ್ಕೆ ತಾಗದಿರಲೆಂದು ಒಡೆಯನು ಮೂಲ ಟೈರುಗಳನ್ನು ಬಿಚ್ಚಿಸಿ ಹೆಚ್ಚು ಎತ್ತರದ ಟೈರುಗಳನ್ನು ಹಾಕಿಸಿದ್ದಾನೆ. ಒಂದು ದಿನ ಆ ಜೀಪು ಘಟ್ಟವನ್ನಿಳಿದು ಹೆದ್ದಾರಿಯಲ್ಲಿ ಸಾಗುತ್ತಿದೆ. ವೇಗಮಾಪಕದ ಮುಳ್ಳು 80ರ ಮೇಲೆ ನಿಂತಿದೆ. ಗಂಟೆಗೆ 80 ಕಿಲೋಮೀಟರು ವೇಗದಲ್ಲಿ ಹೋಗುತ್ತಿರುವೆನೆಂದು ಚಾಲಕನು ನೆಮ್ಮದಿಯಿಂದಿದ್ದಾನೆ. ವಾಸ್ತವವಾಗಿ ಅವನ ವೇಗ 90ಕ್ಕೆ ಸಮೀಪವಾಗಿದೆ! ಮೂಲ ಟೈರುಗಳಿದ್ದಾಗ ಸರಿಯಾಗಿಯೇ ತೋರಿಸುತ್ತಿದ್ದ ಮಾಪಕವಿದು. ಅದರ ಯಾವ ಭಾಗವೂ ಕೆಟ್ಟಿಲ್ಲ. ಹಾಗಾದರೆ ಈ ತಪ್ಪು ಎಲ್ಲಿಂದ ಬಂದಿತು?

ಹೂವಿನ ಮಾಲೆಯನ್ನು ಮೊಳಹಾಕಿ ಮಾರುವುದನ್ನು ನಾವೆಲ್ಲರೂ ನೋಡಿದ್ದೇವೆ. ಗಿಡ್ಡ ಕೈಯವಳು ಅಳೆದ ಹತ್ತು ಮೊಳಕ್ಕೂ ಉದ್ದ ಕೈಯವಳು ಅಳೆದ ಹತ್ತು ಮೊಳಕ್ಕೂ ಎಣಿಕೆಯಲ್ಲಿ ಭೇದವಿಲ್ಲ. ಮಾಲೆಯ ಉದ್ದದಲ್ಲಿ ಮಾತ್ರ ಭೇದವುಂಟು. ವೇಗಮಾಪಕವೂ ಹೀಗೆಯೇ ಮೊಳಹಾಕುವ ಯಂತ್ರ. ಅದು ರಸ್ತೆಯನ್ನು ನೋಡಲಾರದು. ಗಾಲಿಯ ಸುತ್ತುಗಳನ್ನು ಮಾತ್ರ ಬಲ್ಲದು. ಒಂದು ಸುತ್ತಿಗೆ ವಾಹನವು ಇಷ್ಟು ದೂರ ಸಾಗುತ್ತದೆಂಬ ಲೆಕ್ಕವನ್ನು ಕಾರ್ಖಾನೆಯಲ್ಲಿಯೇ ಅದರೊಳಗೆ ಅಳವಡಿಸಿರುತ್ತಾರೆ. ಗಾಲಿಯ ಸುತ್ತಳತೆ ಬದಲಾದರೆ ಯಂತ್ರದ ಮೊಳವೇ ಬದಲಾದಂತಾಯಿತು.

ಹಳೆಯ ಬಗೆಯ ವೇಗಮಾಪಕದ ರಚನೆಯನ್ನು ನೋಡೋಣ. ಇದಕ್ಕೆ 1902ರಲ್ಲಿ ಜರ್ಮನಿಯಲ್ಲಿ ಪೇಟೆಂಟು ಪಡೆದವನು ಓಟ್ಟೊ ಶುಲ್ಟ್ಸೆ. ಗೇರುಪೆಟ್ಟಿಗೆಯಿಂದ ಗಾಲಿಗಳ ಕಡೆಗೆ ಹೊರಡುವ ದಂಡದ ಮೇಲೆ ಸ್ಕ್ರೂವಿನಂಥ ಒಂದು ಹಲ್ಲುಸುರುಳಿಯಿರುತ್ತದೆ. ಅದು ಒಂದು ಪುಟ್ಟ ಹಲ್ಲುಚಕ್ರವನ್ನು ತಿರುಗಿಸುತ್ತದೆ. ಆ ಚಕ್ರಕ್ಕೆ ಸೇರಿದ ಬಳುಕುವ ತಂತಿ ಚಾಲಕನ ಮುಂದಿರುವ ಮಾಪಕದವರೆಗೂ ಹೋಗಿ ಅಲ್ಲೊಂದು ಅಯಸ್ಕಾಂತವನ್ನು ತಿರುಗಿಸುತ್ತದೆ. ಅಯಸ್ಕಾಂತವನ್ನು ಮುಟ್ಟದಂತೆ, ಆದರೆ ಅದರ ಸಮೀಪದಲ್ಲಿಯೇ, ಒಂದು ಅಲ್ಯೂಮಿನಿಯಮ್ ಬಟ್ಟಲು ಇರುತ್ತದೆ. ತಿರುಗುವ ಅಯಸ್ಕಾಂತವು ಈ ಬಟ್ಟಲಿನಲ್ಲಿ ಸುಳಿಯಾಕಾರದ ವಿದ್ಯುತ್ಪ್ರವಾಹಗಳನ್ನು ಹುಟ್ಟಿಸಿ ಬಟ್ಟಲನ್ನೂ ತನ್ನೊಡನೆ ಎಳೆಯುತ್ತದೆ. ಬಟ್ಟಲಿಗೆ ಜೋಡಿಸಿದ ಸೂಕ್ಷ್ಮವಾದ ಸುರುಳಿ ಸ್ಪ್ರಿಂಗು ಅದನ್ನು ಹಿಂದಕ್ಕೆ ಜಗ್ಗುತ್ತದೆ. ಎರಡು ಬಲಗಳೂ ಸರಿಸಮವಾದೆಡೆಯಲ್ಲಿ ಬಟ್ಟಲು ನಿಲ್ಲುತ್ತದೆ. ಅದಕ್ಕಂಟಿದ ಮುಳ್ಳು ಆ ಅಂಕಿಯನ್ನು ತೋರಿಸುತ್ತದೆ. ದೂರವನ್ನು ತೋರಿಸುವ ಅಂಕಿಗಳಾದರೋ ಅದೇ ತಂತಿಯಿಂದ ಹಲ್ಲುಚಕ್ರಗಳ ಮೂಲಕ ನೇರವಾಗಿ ತಿರುಗುವುವು. ಆದುದರಿಂದ ಟೈರು ಬದಲಾದಾಗ ವೇಗ, ದೂರ ಎರಡೂ ತಪ್ಪುವುವು.

ತಪ್ಪು ಎಷ್ಟೆಂಬುದನ್ನು ಟೈರಿನ ಪಕ್ಕೆಯ ಮೇಲಿನ ಬರಹದಿಂದಲೇ ಲೆಕ್ಕಹಾಕಬಹುದು. ನಮ್ಮ ಜೀಪಿನ ಮೂಲ ಟೈರಿನ ಮೇಲೆ 215/75 ಆರ್ 15 ಎಂದಿತ್ತೆಂದುಕೊಳ್ಳೋಣ. ಮೊದಲನೆಯ ಸಂಖ್ಯೆ ಮಿಲಿಮೀಟರುಗಳಲ್ಲಿ ಟೈರಿನ ಅಗಲ. ಪಕ್ಕೆಯ ಎತ್ತರವು ಅಗಲದಲ್ಲಿ ಶೇಕಡ ಎಷ್ಟೆಂಬುದನ್ನು ಎರಡನೆಯದು ತಿಳಿಸುತ್ತದೆ. 'ಆರ್' ಎಂಬುದು ರೇಡಿಯಲ್ ರಚನೆಯ ಗುರುತು. ಕೊನೆಯದು ಅಂಗುಲಗಳಲ್ಲಿ ರಿಮ್ಮಿನ ವ್ಯಾಸ. 215ರಲ್ಲಿ ಶೇಕಡ 75 ಎಂದರೆ 161.25 ಮಿಲಿಮೀಟರು. ರಿಮ್ಮಿನ ಮೇಲೊಂದು, ಕೆಳಗೊಂದು ಪಕ್ಕೆಯಿರುವುದರಿಂದ ಇದರ ಎರಡರಷ್ಟು, ಅಂದರೆ 322.5. ಇದಕ್ಕೆ 15 ಅಂಗುಲವನ್ನು, ಎಂದರೆ 381 ಮಿಲಿಮೀಟರನ್ನು, ಕೂಡಿಸಿದರೆ ಪೂರ್ಣ ವ್ಯಾಸ 703.5 ಮಿಲಿಮೀಟರು. ಹೊಸ ಟೈರಿನ ವ್ಯಾಸ 31 ಅಂಗುಲವಿದ್ದರೆ ಅದು 787.4 ಮಿಲಿಮೀಟರು.

ಮೊದಲನೆಯ ಟೈರು ಒಂದು ಸುತ್ತಿಗೆ ಸುಮಾರು 2.21 ಮೀಟರು ಸಾಗಿದರೆ ಎರಡನೆಯದು ಸುಮಾರು 2.47 ಮೀಟರು ಸಾಗುತ್ತದೆ. ಒಂದು ಕಿಲೋಮೀಟರಿಗೆ ಮೊದಲು 452 ಸುತ್ತು ಬೇಕಾಗಿದ್ದಲ್ಲಿ ಈಗ 404 ಸಾಕು. 787.4ನ್ನು 703.5ರಿಂದ ಭಾಗಿಸಿದರೆ 1.119 ಬರುತ್ತದೆ. ಮಾಪಕವು ತೋರಿಸಿದ್ದನ್ನು ಇದರಿಂದ ಗುಣಿಸಿದರೆ ನಿಜವಾದ ವೇಗ ದೊರೆಯುತ್ತದೆ: 60 ಎಂದು ತೋರಿಸಿದಾಗ 67, 80 ಎಂದು ತೋರಿಸಿದಾಗ 89.5.

ಒಂಬತ್ತು ಹತ್ತು ಕಿಲೋಮೀಟರು ಹೆಚ್ಚಾದರೇನಾಯಿತೆಂದು ಕೆಲವರು ಕೇಳಬಹುದು. ಭೌತಶಾಸ್ತ್ರವನ್ನು ಓದಿದವರು ಹಾಗೆ ಕೇಳಲಾರರು. ಚಲಿಸುವ ವಸ್ತುವಿನ ಶಕ್ತಿಯು ವೇಗದ ವರ್ಗವನ್ನನುಸರಿಸಿ ಬೆಳೆಯುತ್ತದೆ. 1.119ರ ವರ್ಗ 1.25. ಎಂದರೆ ಬ್ರೇಕು ಕಳೆಯಬೇಕಾದ ಶಕ್ತಿ ಕಾಲುಪಾಲು ಹೆಚ್ಚಾಯಿತು. ಅಷ್ಟೇ ಬಲದ ಬ್ರೇಕಿಗೆ ವಾಹನವು ನಿಲ್ಲುವ ದೂರವೂ ಕಾಲುಪಾಲು ಹೆಚ್ಚಾಯಿತು. 40 ಮೀಟರಿನಲ್ಲಿ ನಿಲ್ಲುತ್ತದೆಂದು ಚಾಲಕನು ಅಂದಾಜು ಮಾಡಿದ ಜೀಪು 50 ಮೀಟರು ಹೋಗಿ ನಿಲ್ಲುತ್ತದೆ. ಆ ಹತ್ತು ಮೀಟರಿನೊಳಗೆ ರಸ್ತೆ ದಾಟುವ ಮಗುವೊಂದು ಇರಬಹುದಲ್ಲವೆ?

ಇನ್ನು ತಿದ್ದುವ ಕ್ರಮ. ಹಳೆಯ ವಾಹನದಲ್ಲಿ ಮಾಪಕವನ್ನು ಬಿಚ್ಚಬೇಕಾಗಿಲ್ಲ. ತಂತಿಯ ಬುಡದ ಪುಟ್ಟ ಹಲ್ಲುಚಕ್ರವನ್ನು ಬದಲಾಯಿಸಿದರೆ ಸಾಕು. ಗಾಲಿ ನಿಧಾನವಾಗಿ ಸುತ್ತುವುದರಿಂದ ತಂತಿಯನ್ನು ತುಸು ಬೇಗನೆ ಸುತ್ತಿಸಬೇಕು. ಅದಕ್ಕೆ ಕಡಮೆ ಹಲ್ಲುಗಳ ಚಕ್ರ ಬೇಕು. ಮೂಲ ಚಕ್ರಕ್ಕೆ 34 ಹಲ್ಲುಗಳಿದ್ದರೆ, ಅದನ್ನು 1.119ರಿಂದ ಭಾಗಿಸಿದಾಗ 30.4 ಬರುತ್ತದೆ. ಆದರೆ ಹಲ್ಲನ್ನು ತುಂಡುಮಾಡಿ ಕೂಡಿಸಲಾಗದು. 30 ಹಲ್ಲಿನದನ್ನು ಆರಿಸಬೇಕೋ, 31ರದನ್ನೋ? 30 ಹಲ್ಲಿನ ಚಕ್ರವಿದ್ದರೆ ನಿಜವೇಗ 80 ಆದಾಗ ಮುಳ್ಳು 81ನ್ನು ತೋರಿಸುತ್ತದೆ; 31 ಹಲ್ಲಿನದಿದ್ದರೆ 78.4ನ್ನು. ಎರಡೂ ಅಲ್ಪ ದೋಷಗಳೇ. ಆದರೂ ಇವು ಸಮಾನವಲ್ಲ. ಹೆಚ್ಚಾಗಿ ತೋರಿಸುವ ಮಾಪಕವು ಚಾಲಕನನ್ನು ನಿಧಾನಗೊಳಿಸುತ್ತದೆ. ಕಡಮೆ ತೋರಿಸುವುದು ಅವನನ್ನು ಮೋಸಗೊಳಿಸುತ್ತದೆ. ವಿಶ್ವಸಂಸ್ಥೆಯ 39ನೆಯ ವಾಹನ ನಿಯಮವು ವಿಧಿಸುವುದೂ ಇದನ್ನೇ: ತೋರಿಸುವ ವೇಗವು ನಿಜವೇಗಕ್ಕಿಂತ ಎಂದೂ ಕಡಮೆಯಾಗಿರಕೂಡದು, ಹೆಚ್ಚಾದರೆ ನಿಜವೇಗದ ಹತ್ತರಲ್ಲೊಂದು ಪಾಲಿಗೆ 4 ಕಿಲೋಮೀಟರನ್ನು ಕೂಡಿಸಿದಷ್ಟನ್ನು ಮೀರಕೂಡದು. ಆದುದರಿಂದ 30 ಹಲ್ಲಿನ ಚಕ್ರವೇ ಯೋಗ್ಯವಾದುದು.

ಇಂದಿನ ವಾಹನಗಳಲ್ಲಿ ತಂತಿಯ ಸ್ಥಾನವನ್ನು ವಿದ್ಯುನ್ಮಾನ ಸಾಧನಗಳು ಪಡೆದಿವೆ. ತಿರುಗುವ ಹಲ್ಲುಬಳೆಯ ಪಕ್ಕದಲ್ಲಿನ ಸಂವೇದಕವು ಪ್ರತಿಯೊಂದು ಹಲ್ಲಿಗೂ ಒಂದು ವಿದ್ಯುತ್ ಮಿಡಿತವನ್ನು ಕಳುಹಿಸುತ್ತದೆ. ಗಣಕವು ಆ ಮಿಡಿತಗಳನ್ನೆಣಿಸಿ, ತನ್ನಲ್ಲಿರುವ ಸುತ್ತಳತೆಯ ಸಂಖ್ಯೆಯಿಂದ ಲೆಕ್ಕಮಾಡಿ ವೇಗವನ್ನು ತಿಳಿಸುತ್ತದೆ. ಇಲ್ಲಿ ತಿದ್ದಬೇಕಾದುದು ಹಲ್ಲನ್ನಲ್ಲ, ಆ ಸಂಖ್ಯೆಯನ್ನು. ಬ್ರೇಕಿನ ನಿಯಂತ್ರಣವೂ ಗೇರಿನ ಬದಲಾವಣೆಯೂ ಈ ಮಿಡಿತಗಳನ್ನೇ ನಂಬಿರುವುದುಂಟಾದುದರಿಂದ ತಿದ್ದುಪಡಿಯನ್ನು ಬಲ್ಲವರಿಂದಲೇ ಮಾಡಿಸತಕ್ಕದ್ದು. ನಮ್ಮ ದೇಶದ 1988ರ ಮೋಟಾರು ವಾಹನಗಳ ಅಧಿನಿಯಮವು ತಯಾರಕರು ನಿಗದಿಮಾಡಿದ ವಿವರಗಳಿಗೆ ಭಿನ್ನವಾಗಿ ವಾಹನವನ್ನು ಮಾರ್ಪಡಿಸುವುದನ್ನು ನಿರ್ಬಂಧಿಸಿದೆಯೆಂಬುದನ್ನೂ ಮರೆಯಬಾರದು. ಟೈರನ್ನು ಕೊಳ್ಳುವುದಕ್ಕೆ ಮೊದಲೇ ಇದನ್ನು ವಿಚಾರಿಸುವುದು ಲೇಸು.

ಟೈರಿನ ಪಕ್ಕೆಯ ಬರಹವು ಕೊಡುವುದು ಅಂದಾಜನ್ನು ಮಾತ್ರ. ಭಾರದಡಿಯಲ್ಲಿ ಟೈರು ತುಸು ಚಪ್ಪಟೆಯಾಗುತ್ತದೆ. ಸವೆದಂತೆ ಚಿಕ್ಕದೂ ಆಗುತ್ತದೆ. ನಿಜವಾದ ಅಳತೆಯನ್ನು ಓದುಗರೇ ಕಂಡುಕೊಳ್ಳಬಹುದು. ಸಮತಟ್ಟಾದ ಅಂಗಳದಲ್ಲಿ, ಟೈರಿಗೆ ಸರಿಯಾದ ಗಾಳಿ ತುಂಬಿಸಿ, ಟೈರು ನೆಲವನ್ನು ಮುಟ್ಟುವೆಡೆಯಲ್ಲಿ ಎರಡರ ಮೇಲೂ ಸೀಮೆಸುಣ್ಣದ ಗುರುತು ಮಾಡಿರಿ. ವಾಹನವನ್ನು ಮೆಲ್ಲಗೆ ತಳ್ಳಿ ಹತ್ತು ಸುತ್ತು ಉರುಳಿಸಿರಿ. ಸಾಗಿದ ದೂರವನ್ನು ಅಳೆದು ಹತ್ತರಿಂದ ಭಾಗಿಸಿದರೆ ಸುತ್ತಳತೆ ದೊರೆಯುತ್ತದೆ.

ತಿದ್ದಿದ ಮೇಲೆ ರಸ್ತೆಯ ಮೈಲಿಗಲ್ಲುಗಳೇ ಪರೀಕ್ಷಕರು. ಹತ್ತು ಕಿಲೋಮೀಟರಿನ ಕಲ್ಲುಗಳನ್ನು ದಾಟಿದಾಗ ದೂರಮಾಪಕವೂ ಹತ್ತನ್ನೇ ತೋರಿಸಬೇಕು. ತಿದ್ದದ ನಮ್ಮ ಜೀಪು 8.9ನ್ನು ಮಾತ್ರ ತೋರಿಸುತ್ತಿತ್ತು. ಮುಳ್ಳನ್ನು 60ರಲ್ಲಿ ಸ್ಥಿರವಾಗಿ ನಿಲ್ಲಿಸಿದಾಗ ಒಂದು ಕಲ್ಲಿನಿಂದ ಮುಂದಿನ ಕಲ್ಲಿಗೆ ಸರಿಯಾಗಿ 60 ಸೆಕೆಂಡು ಹಿಡಿಯಬೇಕು; ತಿದ್ದದ ಜೀಪು 54 ಸೆಕೆಂಡಿನೊಳಗೇ ಅದನ್ನು ದಾಟಿಬಿಡುತ್ತದೆ. ಗಡಿಯಾರವನ್ನು ನೋಡುವ ಕೆಲಸ ಪಕ್ಕದಲ್ಲಿ ಕುಳಿತವನದು. ಚಾಲಕನ ಕಣ್ಣು ರಸ್ತೆಯ ಮೇಲೆಯೇ ಇರಲಿ.

ಯಾವ ಮಾಪಕವೇ ಆಗಲಿ, ಒಂದು ಷರತ್ತಿಗೊಳಪಟ್ಟೇ ನಿಜವನ್ನು ನುಡಿಯುತ್ತದೆ. ವೇಗಮಾಪಕದ ಷರತ್ತು ಗಾಲಿಯ ಸುತ್ತಳತೆ. ಅದನ್ನು ನಾವೇ ಮುರಿದಮೇಲೆ ಮುಳ್ಳಿನ ಮಾತನ್ನು ತಿದ್ದುವ ಹೊಣೆಯೂ ನಮ್ಮದೇ.