ಗರ್ಭದಲ್ಲೇ ಕಂಡ ಹೃದಯದೋಷ: ತಾಯಿಗೆ ಹೇಳುವುದು ಹೇಗೆ?

ಹುಟ್ಟುವ ಪ್ರತಿ ಸಾವಿರ ಮಕ್ಕಳಲ್ಲಿ ಸುಮಾರು 8ರಿಂದ 10 ಮಕ್ಕಳ ಹೃದಯದ ರಚನೆಯಲ್ಲಿ ಏನಾದರೊಂದು ದೋಷವಿರುತ್ತದೆ. ಗರ್ಭ ನಿಂತ ಮೊದಲ ಎರಡು ತಿಂಗಳಲ್ಲೇ ಹೃದಯದ ಕೋಣೆ, ಗೋಡೆ, ಕವಾಟಗಳು ರೂಪುಗೊಳ್ಳುತ್ತವೆಯಾದರೂ ದೋಷ ಸಾಮಾನ್ಯವಾಗಿ ಕಣ್ಣಿಗೆ ಬೀಳುವುದು 18ರಿಂದ 22ನೇ ವಾರದ ಅನಾಮಲಿ ಸ್ಕ್ಯಾನ್‌ನಲ್ಲಿ. ಸಂಶಯ ಬಂದರೆ ಮಗುವಿನ ಹೃದಯವನ್ನೇ ಕೂಲಂಕಷವಾಗಿ ನೋಡುವ ಫೀಟಲ್ ಎಕೋ ಮಾಡಿಸಬೇಕಾಗುತ್ತದೆ.

ಸ್ಕ್ಯಾನ್ ಮಾಡುತ್ತಿರುವ ವೈದ್ಯರು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿದರೆ ತಾಯಿಗೆ ಅರ್ಧ ಸುದ್ದಿ ಮುಟ್ಟಿದಂತೆಯೇ. ಉಳಿದರ್ಧವನ್ನು ಮಲಗಿಸಿಕೊಂಡೇ ಹೇಳಬಾರದು, ರಿಪೋರ್ಟ್ ಕೈಗಿಟ್ಟು ಕಳಿಸಲೂಬಾರದು. ಅವಳನ್ನು ಎಬ್ಬಿಸಿ ಕೂರಿಸಿ, ಜೊತೆಗೆ ಯಾರಿರಬೇಕೆಂದು ಅವಳನ್ನೇ ಕೇಳಿ, ಬಾಗಿಲು ಹಾಕಿದ ಕೋಣೆಯಲ್ಲಿ ಹೇಳಬೇಕು. ಮಕ್ಕಳ ಹೃದ್ರೋಗ ತಜ್ಞರೂ ಹೆರಿಗೆ ತಜ್ಞರೂ ಒಟ್ಟಿಗೆ ಕೂತರೆ ಒಳ್ಳೆಯದು. ಒಬ್ಬರು ಹೇಳಿದ್ದಕ್ಕೂ ಇನ್ನೊಬ್ಬರು ಹೇಳಿದ್ದಕ್ಕೂ ತಾಳೆಯಾಗದಿದ್ದರೆ ಕುಟುಂಬ ಇಬ್ಬರನ್ನೂ ನಂಬುವುದಿಲ್ಲ.

ಹೊಟ್ಟೆಯಲ್ಲಿ ಚೆನ್ನಾಗಿ ಒದೆಯುತ್ತಿರುವ ಮಗುವಿಗೆ ಕಾಯಿಲೆ ಇರಲು ಸಾಧ್ಯವೇ ಎಂದು ತಾಯಂದಿರು ಕೇಳುತ್ತಾರೆ. ಇದಕ್ಕೆ ಉತ್ತರ ಚಿತ್ರ ಬರೆದು ತೋರಿಸಿದರೆ ಬೇಗ ತಿಳಿಯುತ್ತದೆ. ಗರ್ಭದಲ್ಲಿ ಶ್ವಾಸಕೋಶಕ್ಕೆ ಉಸಿರಾಟದ ಕೆಲಸವಿಲ್ಲ. ಆಮ್ಲಜನಕ ಮಾಸುಚೀಲದಿಂದ, ಅಂದರೆ ತಾಯಿಯ ರಕ್ತದಿಂದಲೇ ಬರುತ್ತದೆ. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ಒಂದು ಕಿಂಡಿ, ಎರಡು ದೊಡ್ಡ ರಕ್ತನಾಳಗಳ ನಡುವೆ ಡಕ್ಟಸ್ ಎಂಬ ಕಿರುನಾಳ ತೆರೆದೇ ಇರುತ್ತವೆ. ಹೀಗಾಗಿ ಗಂಭೀರ ದೋಷವಿದ್ದರೂ ಮಗು ಬೆಳೆಯುತ್ತದೆ. ಹುಟ್ಟಿದ ಕೆಲವೇ ದಿನಗಳಲ್ಲಿ ಡಕ್ಟಸ್ ಮುಚ್ಚಿಕೊಂಡಾಗ ಕಷ್ಟ ಶುರು.

ಎಲ್ಲ ದೋಷಗಳೂ ಒಂದೇ ತೂಕದವಲ್ಲ. ಕೆಳಕೋಣೆಗಳ ನಡುವಿನ ಸಣ್ಣ ರಂಧ್ರ ಎಷ್ಟೋ ಸಲ ತಾನಾಗಿಯೇ ಮುಚ್ಚುತ್ತದೆ. ಫ್ಯಾಲೋಟನ ಚತುರ್ದೋಷಕ್ಕೆ ಸಾಮಾನ್ಯವಾಗಿ ಮೊದಲ ವರ್ಷದಲ್ಲಿ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ದೊಡ್ಡ ರಕ್ತನಾಳಗಳು ಅದಲುಬದಲಾಗಿದ್ದರೆ ಸಾಧಾರಣವಾಗಿ ಮೊದಲ ಕೆಲವು ವಾರಗಳಲ್ಲೇ ಆಪರೇಷನ್ ಆಗಬೇಕು, ಆದರೆ ಅದು ಸಕಾಲದಲ್ಲಿ ಆದ ಹೆಚ್ಚಿನ ಮಕ್ಕಳು ಬದುಕಿ ಶಾಲೆಗೆ ಹೋಗುತ್ತಾರೆ. ಎಡಭಾಗದ ಹೃದಯವೇ ಬೆಳೆಯದ ದೋಷದ ಹಾದಿ ಬೇರೆ: ಮೂರು ಹಂತದ ಶಸ್ತ್ರಚಿಕಿತ್ಸೆ, ಅದರ ನಂತರವೂ ಒಂದೇ ಪಂಪ್‌ನ ಹೃದಯ. ‘ಹೃದಯದಲ್ಲಿ ತೂತಿದೆ’ ಎಂಬ ಒಂದೇ ಮಾತಿನಲ್ಲಿ ಇವೆಲ್ಲವನ್ನೂ ಮುಗಿಸುವುದು ತಾಯಿಗೆ ಮಾಡುವ ಅನ್ಯಾಯ.

ಕಾರಣದ ಪ್ರಶ್ನೆ ತಾಯಿಯನ್ನು ಎಲ್ಲಕ್ಕಿಂತ ಹೆಚ್ಚು ಸುಡುತ್ತದೆ. ಗ್ರಹಣದ ದಿನ ಹೊರಗೆ ಬಂದೆಯಾ, ಪಪ್ಪಾಯಿ ತಿಂದೆಯಾ, ಭಾರ ಎತ್ತಿದೆಯಾ ಎಂದು ಮನೆಯವರು ಕೇಳುತ್ತಾರೆ. ಇವು ಯಾವುದೂ ಕಾರಣವಲ್ಲ ಎಂದು ಅತ್ತೆ, ಗಂಡನ ಎದುರಿಗೇ ಸ್ಪಷ್ಟವಾಗಿ ಹೇಳುವುದು ಸಮಾಲೋಚನೆಯ ದೊಡ್ಡ ಕೆಲಸ. ಗರ್ಭಕ್ಕೆ ಮುನ್ನವೇ ಇದ್ದು ಹತೋಟಿ ತಪ್ಪಿದ ಸಕ್ಕರೆ ಕಾಯಿಲೆ, ಮೊದಲ ತಿಂಗಳುಗಳ ರುಬೆಲ್ಲಾ ಸೋಂಕು, ಕೆಲವು ಔಷಧಿಗಳು, ಹತ್ತಿರದ ರಕ್ತಸಂಬಂಧದ ಮದುವೆ ಅಪಾಯ ಹೆಚ್ಚಿಸುತ್ತವೆ, ನಿಜ. ಆದರೂ ಬಹುಪಾಲು ಪ್ರಕರಣಗಳಲ್ಲಿ ಇಂಥದ್ದೇ ಕಾರಣವೆಂದು ಬೊಟ್ಟು ಮಾಡಲಾಗದು. ಕೆಲವು ದೋಷಗಳ ಹಿಂದೆ ಡೌನ್ ಸಿಂಡ್ರೋಮ್‌ನಂಥ ವರ್ಣತಂತು ವ್ಯತ್ಯಾಸವಿರಬಹುದು. ಅದನ್ನು ತಿಳಿಯಲು ಗರ್ಭದ ನೀರು ತೆಗೆದು ಪರೀಕ್ಷಿಸುತ್ತಾರೆ.

ಇಲ್ಲಿ ಕಾಲ ಓಡುತ್ತದೆ. 20ನೇ ವಾರದಲ್ಲಿ ಸಂಶಯ, ಎಕೋಗೆ ಕೆಲ ದಿನ, ನೀರಿನ ಪರೀಕ್ಷೆಯ ಫಲಿತಾಂಶಕ್ಕೆ ಮತ್ತಷ್ಟು ದಿನ ಹಿಡಿದರೆ 24ನೇ ವಾರ ಬಾಗಿಲಿಗೆ ಬಂದಿರುತ್ತದೆ. 2021ರಲ್ಲಿ ತಿದ್ದುಪಡಿಯಾದ ಗರ್ಭಪಾತ ಕಾಯ್ದೆಯಡಿ ಗಂಭೀರ ಭ್ರೂಣದೋಷವಿದ್ದರೆ 24 ವಾರದವರೆಗೆ ಇಬ್ಬರು ವೈದ್ಯರ ಅಭಿಪ್ರಾಯ ಸಾಕು, ಅದರಾಚೆಗೆ ವೈದ್ಯಕೀಯ ಮಂಡಳಿ ಒಪ್ಪಬೇಕು. ವಯಸ್ಕ ಮಹಿಳೆಗೆ ತನ್ನದೇ ಒಪ್ಪಿಗೆ ಸಾಕು. ಗಂಡನ ಸಹಿಯನ್ನು ಕಾನೂನು ಕೇಳುವುದಿಲ್ಲ. ಗರ್ಭ ಮುಂದುವರಿಸಬೇಕೆ, ಬೇಡವೆ ಎಂಬುದನ್ನು ಸಲಹೆಗಾರರು ನಿರ್ಧರಿಸಬಾರದು. ‘ನಿಮ್ಮ ಮಗಳಾಗಿದ್ದರೆ ಏನು ಮಾಡುತ್ತಿದ್ದಿರಿ’ ಎಂದು ಕೇಳಿದರೂ ಅವಳಿಗೇನು ಮುಖ್ಯವೆಂದು ವಿಚಾರಿಸುವುದೇ ಸರಿ. ಕೇಳಿದ್ದರಲ್ಲಿ ಅರ್ಧದಷ್ಟೂ ಮೊದಲ ದಿನ ತಲೆಗೆ ಹೋಗಿರುವುದಿಲ್ಲವಾದ್ದರಿಂದ ಕೆಲ ದಿನಗಳಲ್ಲೇ ಎರಡನೇ ಭೇಟಿ ಆಗಲೇಬೇಕು.

ಮುಂದುವರಿಸುವುದಾದರೆ ಹೆರಿಗೆಯ ಜಾಗ ಮೊದಲೇ ಗೊತ್ತಾಗಬೇಕು. ಡಕ್ಟಸ್ ಅನ್ನು ತೆರೆದಿಡುವ ಪ್ರೊಸ್ಟಾಗ್ಲಾಂಡಿನ್ ಔಷಧಿ ಹುಟ್ಟಿದ ಕೂಡಲೇ ಬೇಕಾಗುವ ಮಗುವನ್ನು ಬೀದರ್‌ನಿಂದಲೋ ರಾಯಚೂರಿನಿಂದಲೋ ಆಂಬುಲೆನ್ಸ್‌ನಲ್ಲಿ ಬೆಂಗಳೂರಿಗೆ ತರುವುದಕ್ಕಿಂತ ಹೊಟ್ಟೆಯಲ್ಲಿದ್ದಾಗಲೇ ತರುವುದು ಸುರಕ್ಷಿತ. ಹೃದಯದೋಷವಿದೆಯೆಂದ ಮಾತ್ರಕ್ಕೆ ಸಿಸೇರಿಯನ್ ಬೇಕಿಲ್ಲ. ಖರ್ಚಿನ ಮಾತನ್ನೂ ಮುಚ್ಚಿಡಬಾರದು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಜನ್ಮಜಾತ ಹೃದ್ರೋಗವಿದೆ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವಿನ ಬಗ್ಗೆ ಹೆರಿಗೆಗೆ ಮುನ್ನವೇ ವಿಚಾರಿಸಿ ಕಾಗದಪತ್ರ ಸಿದ್ಧಮಾಡಿಕೊಳ್ಳುವುದು ಮೇಲು.

ಮಗು ಉಳಿಯುವ ಸಾಧ್ಯತೆ ತೀರಾ ಕಡಿಮೆಯಿದ್ದೂ ಹೆರಲು ನಿರ್ಧರಿಸುವ ತಾಯಂದಿರಿದ್ದಾರೆ. ಅವರ ಮಗುವಿಗೆ ನೋವಾಗದಂತೆ, ತೊಡೆಯ ಮೇಲೇ ಇರುವಂತೆ ಆರೈಕೆಯ ಯೋಜನೆ ಬರೆದಿಡಬೇಕು. ಗರ್ಭ ತೆಗೆಸಿದವರಿಗೂ, ಮಗುವನ್ನು ಕಳೆದುಕೊಂಡವರಿಗೂ ಸಮಾಲೋಚನೆ ಅಲ್ಲಿಗೆ ನಿಲ್ಲುವುದಿಲ್ಲ. ಮುಂದಿನ ಮಗುವಿಗೂ ಹೀಗಾದೀತೇ ಎಂಬ ಭಯಕ್ಕೆ ಉತ್ತರ ಬೇಕು: ಒಂದು ಮಗುವಿಗೆ ಮಾತ್ರ ದೋಷವಿದ್ದು ವಂಶವಾಹಿ ಕಾರಣ ಕಾಣದಿದ್ದರೆ ಆ ಸಾಧ್ಯತೆ ಸಾಮಾನ್ಯವಾಗಿ ನೂರಕ್ಕೆ ಎರಡು, ಮೂರು. ಮುಂದಿನ ಬಸಿರಿನಲ್ಲಿ ಫೀಟಲ್ ಎಕೋವನ್ನು ಸಂಶಯ ಬರುವವರೆಗೆ ಕಾಯದೆ, ಮೊದಲೇ ಗೊತ್ತುಪಡಿಸಬೇಕು.